ಕಾಲುವೆಯ ಕೊನೆಯ ಹೊಲ ಮತ್ತು ಎರಡನೆಯ ಬಲ್ಬು

ಎಂಟು ವಾರಗಳ ಶೈಕ್ಷಣಿಕ ತಂತ್ರಜ್ಞಾನದ ಆನ್‌ಲೈನ್ ಕೋರ್ಸೊಂದನ್ನು ಕಳೆದ ಭಾನುವಾರ ಮುಗಿಸಿದೆ. ನಾನು ಯಾದಗಿರಿ ಜಿಲ್ಲೆಯಲ್ಲಿ, ನಾರಾಯಣಪುರ ಎಡದಂಡೆ ಕಾಲುವೆಯ ನೀರನ್ನು ನಂಬಿಕೊಂಡಿರುವ ಹಳ್ಳಿಯೊಂದರ ಸರ್ಕಾರಿ ಪ್ರೌಢಶಾಲೆಯ ವಿಜ್ಞಾನ ಶಿಕ್ಷಕ. ಶಾಲೆಯಲ್ಲಿ ಒಂದು ಪ್ರೊಜೆಕ್ಟರ್ ಇದೆ, ಕೆಲಸ ಮಾಡುವ ನಾಲ್ಕು ಕಂಪ್ಯೂಟರುಗಳಿವೆ. ಈ ಸಲಕರಣೆಗಳನ್ನು ಹೆಚ್ಚು ಚೆನ್ನಾಗಿ ಬಳಸುವುದನ್ನು ಕಲಿಯಬೇಕೆಂದು ಕೋರ್ಸಿಗೆ ಸೇರಿದ್ದೆ. ಆದರೆ ಎಂಟು ವಾರಗಳ ಕೊನೆಗೆ ನನ್ನಲ್ಲಿ ಉಳಿದಿರುವುದರಲ್ಲಿ ಬಹುಪಾಲು, ಮಕ್ಕಳ ತಲೆಯೊಳಗೆ ಏನಿದೆ ಎಂಬುದಕ್ಕೆ ಸಂಬಂಧಿಸಿದ ವಿಚಾರಗಳೇ. ಅದನ್ನು ಮರೆಯುವ ಮೊದಲು ಬರೆದಿಡಬೇಕೆನಿಸಿತು.

ಹಿಂದೆ ಮಾಡಿದ ಕೆಲವು ಆನ್‌ಲೈನ್ ತರಬೇತಿಗಳಲ್ಲಿ ವೀಡಿಯೊ ತಾನಾಗಿ ಓಡುತ್ತಿತ್ತು, ಕೊನೆಯಲ್ಲಿ ಸರಿಯುತ್ತರದ ಮೇಲೆ ಗುರುತು ಹಾಕಿದರೆ ಪ್ರಮಾಣಪತ್ರ ಬರುತ್ತಿತ್ತು. ಈ ಕೋರ್ಸಿನಲ್ಲಿ ಏಳೆಂಟು ನಿಮಿಷದ ಪ್ರತಿ ವೀಡಿಯೊವೂ ನಡುವೆ ಒಂದು ಕಡೆ ನಿಲ್ಲುತ್ತಿತ್ತು. ಪ್ರಶ್ನೆಯೊಂದನ್ನು ಕೇಳಿ, ಪುಸ್ತಕದಲ್ಲಿ ಉತ್ತರ ಬರೆದುಕೊಂಡ ಮೇಲೆ ಮುಂದುವರಿಯಿರಿ ಎಂದು ಹೇಳುತ್ತಿದ್ದರು. ಮೊದಲ ವಾರ ನಾನು ಬರೆಯದೆಯೇ ಮುಂದೆ ಹೋದೆ, ಎರಡನೆಯ ವಾರದಿಂದ ಬರೆಯತೊಡಗಿದೆ. ನನ್ನ ಉತ್ತರಕ್ಕೂ ಆಮೇಲೆ ಅವರು ಕೊಡುತ್ತಿದ್ದ ವಿವರಣೆಗೂ ನಡುವೆ ಇರುತ್ತಿದ್ದ ಅಂತರದಲ್ಲಿಯೇ ನಾನು ಕಲಿತದ್ದು ಎಂದು ಈಗ ಹೇಳಬಲ್ಲೆ. ಮೊದಲು ಊಹಿಸಿ, ಆಮೇಲೆ ನೋಡುವ ಈ ಕ್ರಮವನ್ನು ನನ್ನ ತರಗತಿಯಲ್ಲಿ ನಾನು ಎಷ್ಟು ಸಲ ಅನುಸರಿಸಿದ್ದೇನೆ ಎಂದು ಕೇಳಿಕೊಂಡಾಗ ಸಿಕ್ಕ ಉತ್ತರ ಸಮಾಧಾನ ಕೊಡುವಂಥದ್ದಾಗಿರಲಿಲ್ಲ.

ಮೂರನೆಯ ವಾರದಲ್ಲಿ ಅಮೆರಿಕದ ಶಿಕ್ಷಣ ಸಂಶೋಧಕ ರಿಚರ್ಡ್ ಕ್ಲಾರ್ಕ್ 1983ರಲ್ಲಿ ಮಂಡಿಸಿದ ವಾದವೊಂದನ್ನು ಚರ್ಚೆಗೆ ಇಟ್ಟಿದ್ದರು. ದಿನಸಿ ಹೊತ್ತು ತರುವ ಲಾರಿ ಹೇಗೆ ನಮ್ಮ ಪೌಷ್ಟಿಕತೆಯನ್ನು ಬದಲಿಸುವುದಿಲ್ಲವೋ, ಹಾಗೆಯೇ ಪಾಠವನ್ನು ಹೊತ್ತು ತರುವ ಮಾಧ್ಯಮವೂ ಕಲಿಕೆಯನ್ನು ಬದಲಿಸುವುದಿಲ್ಲ, ಬದಲಿಸುವುದು ಬೋಧನೆಯ ವಿಧಾನ ಎಂಬುದು ಅವರ ನಿಲುವು. ರಾಬರ್ಟ್ ಕೊಜ್ಮಾ ಮುಂತಾದ ಸಂಶೋಧಕರು ಇದನ್ನು ಒಪ್ಪಲಿಲ್ಲ. ಓದಿದ ದಿನ ನಾನು ಕ್ಲಾರ್ಕ್ ಅವರ ಪಕ್ಷದಲ್ಲಿದ್ದೆ, ಏಕೆಂದರೆ ಕಪ್ಪುಹಲಗೆಯ ಮೇಲೆ ಬರೆದದ್ದನ್ನೇ ಪರದೆಯ ಮೇಲೆ ತೋರಿಸಿ ಅದನ್ನು ಸ್ಮಾರ್ಟ್ ತರಗತಿ ಎಂದು ಕರೆಯುವುದನ್ನು ಬೇಕಾದಷ್ಟು ನೋಡಿದ್ದೇನೆ. ಐದನೆಯ ವಾರ ಹತ್ತನೆಯ ತರಗತಿಯಲ್ಲಿ ನಡೆದ ಸಂಗತಿಯಿಂದಾಗಿ ನನ್ನ ಅಭಿಪ್ರಾಯ ಸ್ವಲ್ಪ ಬದಲಾಯಿತು.

ವಿದ್ಯುತ್ ಪಾಠ ನಡೆಯುತ್ತಿತ್ತು. ಎರಡು ಸೆಲ್ಲು, ಎರಡು ಟಾರ್ಚ್ ಬಲ್ಬುಗಳನ್ನು ಸರಣಿಯಲ್ಲಿ, ಅಂದರೆ ಒಂದರ ನಂತರ ಒಂದರಂತೆ, ಜೋಡಿಸಿದ ಚಿತ್ರವನ್ನು ಹಲಗೆಯ ಮೇಲೆ ಬರೆದು, ಸ್ವಿಚ್ ಹಾಕಿದರೆ ಯಾವ ಬಲ್ಬು ಹೆಚ್ಚು ಬೆಳಗುತ್ತದೆ ಎಂದು ಕೇಳಿದೆ. ಕೋರ್ಸಿನಲ್ಲಿ ಕಲಿತಂತೆ, ಪ್ರತಿಯೊಬ್ಬರೂ ಚೀಟಿಯಲ್ಲಿ ಉತ್ತರ ಬರೆದು ಪಕ್ಕದವರೊಡನೆ ಚರ್ಚಿಸುವವರೆಗೂ ನಾನು ಬಾಯಿ ಬಿಡಲಿಲ್ಲ. ಅರ್ಧಕ್ಕಿಂತ ಹೆಚ್ಚು ಮಕ್ಕಳು ಸೆಲ್ಲಿಗೆ ಹತ್ತಿರ ಇರುವ ಮೊದಲ ಬಲ್ಬು ಎಂದು ಬರೆದಿದ್ದರು. ಕಾರಣ ಕೇಳಿದಾಗ ಒಬ್ಬ ಹುಡುಗಿ ಎದ್ದು ನಿಂತು, "ಸರ್, ಕಾಲುವಿ ಮೊದಲಿಗೆ ಇರೋ ಹೊಲದವರಿಗೆ ನೀರು ಜಾಸ್ತಿ ಸಿಗ್ತದ, ಕಡೀಗೆ ಇರೋರಿಗೆ ಏನೂ ಉಳಿಯಂಗಿಲ್ಲ" ಎಂದಳು. ಕಾಲುವೆಯ ಕೊನೆಯ ಭಾಗದ ರೈತರು ನೀರಿಗಾಗಿ ರಸ್ತೆಗಿಳಿಯುವುದನ್ನು ಕಂಡು ಬೆಳೆದ ಮಗುವಿನ ಮಾತು ಅದು. ಮೊದಲ ಬಲ್ಬು ಪ್ರವಾಹವನ್ನು ತಿಂದು ಮುಗಿಸುತ್ತದೆ ಎಂಬ ಕಲ್ಪನೆ ಜಗತ್ತಿನ ಎಲ್ಲ ಕಡೆಯ ಮಕ್ಕಳಲ್ಲಿಯೂ ಕಂಡುಬರುತ್ತದೆ ಎಂದು ವಿಜ್ಞಾನ ಶಿಕ್ಷಣದ ಸಂಶೋಧಕರು ಹಿಂದೆಯೇ ಗುರುತಿಸಿದ್ದಾರೆ. ನಮ್ಮ ಮಕ್ಕಳಲ್ಲಿ ಅದಕ್ಕೆ ಕಾಲುವೆಯ ನೀರಿನ ಅನುಭವವೂ ಬಲ ಕೊಟ್ಟಿದೆ ಎಂಬುದು ಇಷ್ಟು ವರ್ಷ ಪಾಠ ಮಾಡಿದರೂ ನನಗೆ ಹೊಳೆದಿರಲಿಲ್ಲ. ವಿದ್ಯುತ್ತನ್ನು ನೀರಿಗೆ ಹೋಲಿಸಿ ಪಾಠ ಮಾಡುತ್ತ ಬಂದವನೂ ನಾನೇ ಆಗಿದ್ದೆ.

ನಿಜವಾದ ಬಲ್ಬುಗಳನ್ನು ಜೋಡಿಸಿ ಸ್ವಿಚ್ ಹಾಕಿದಾಗ ಮೊದಲನೆಯದು ತುಸು ಹೆಚ್ಚು ಬೆಳಗಿತು. ಎರಡೂ ಬೇರೆ ಬೇರೆ ಕಂಪನಿಯ ಬಲ್ಬುಗಳಾಗಿದ್ದು, ಅವುಗಳ ರೋಧ ಒಂದೇ ಆಗಿರದಿದ್ದುದೇ ಅದಕ್ಕೆ ಕಾರಣ. ಆದರೆ ತಮ್ಮ ಊಹೆ ಗೆದ್ದಿತೆಂದು ಮಕ್ಕಳು ಚಪ್ಪಾಳೆ ತಟ್ಟಿದರು. ಬಲ್ಬುಗಳ ಸ್ಥಾನ ಅದಲುಬದಲು ಮಾಡಿ ನೋಡೋಣ ಎಂದು ಹಿಂದಿನ ಬೆಂಚಿನ ಹುಡುಗನೊಬ್ಬ ಹೇಳಿದ. ಅದಲುಬದಲು ಮಾಡಿದಾಗ ಮಂದವಾಗಿದ್ದ ಬಲ್ಬು ಸೆಲ್ಲಿನ ಪಕ್ಕಕ್ಕೆ ಬಂದರೂ ಮಂದವಾಗಿಯೇ ಉಳಿಯಿತು. ತರಗತಿ ಸ್ವಲ್ಪ ಹೊತ್ತು ಮೌನವಾಯಿತು. ಆಗ ಪ್ರೊಜೆಕ್ಟರಿನಲ್ಲಿ ಫೆಟ್ ಎಂಬ ಯೋಜನೆಯ ಸಿಮ್ಯುಲೇಷನ್ನನ್ನು, ಅಂದರೆ ಪ್ರಯೋಗವನ್ನು ಕಂಪ್ಯೂಟರಿನಲ್ಲೇ ಮಾಡಿ ನೋಡುವ ವಿದ್ಯುನ್ಮಂಡಲವನ್ನು, ತೆರೆದೆ. ಭೌತಶಾಸ್ತ್ರದ ನೊಬೆಲ್ ಪುರಸ್ಕೃತ ಕಾರ್ಲ್ ವೀಮನ್ 2002ರಲ್ಲಿ ಕೊಲೊರಾಡೊ ವಿಶ್ವವಿದ್ಯಾಲಯದಲ್ಲಿ ಆರಂಭಿಸಿದ ಈ ಯೋಜನೆಯ ಸಿಮ್ಯುಲೇಷನ್‌ಗಳು ಉಚಿತವಾಗಿ ಸಿಗುತ್ತವೆ, ಒಮ್ಮೆ ಇಳಿಸಿಕೊಂಡರೆ ಇಂಟರ್ನೆಟ್ ಇಲ್ಲದಿದ್ದರೂ ನಡೆಯುತ್ತವೆ. ತಂತಿಯೊಳಗೆ ಸಾಲಾಗಿ ಸರಿಯುವ ನೀಲಿ ಎಲೆಕ್ಟ್ರಾನುಗಳನ್ನು ಮಕ್ಕಳು ಮುಂದೆ ಬಂದು ನೋಡಿದರು. ಮೊದಲ ಬಲ್ಬಿನ ಮುಂಚೆ, ಎರಡರ ನಡುವೆ, ಎರಡನೆಯದರ ಆಚೆ ಹೀಗೆ ಮೂರು ಕಡೆ ಪ್ರವಾಹ ಅಳೆಯುವ ಅಮ್ಮೀಟರ್ ಇಟ್ಟಾಗ ಮೂರೂ ಕಡೆ ಒಂದೇ ಅಂಕಿ ಬಂತು. ಕಣ್ಣಿಗೆ ಕಾಣದ್ದನ್ನು ಕಾಣುವಂತೆ ಮಾಡುವ ಈ ಕೆಲಸ ನನ್ನ ಸೀಮೆಸುಣ್ಣದಿಂದ ಆಗುತ್ತಿರಲಿಲ್ಲ, ಆದ್ದರಿಂದ ಕ್ಲಾರ್ಕ್ ಅವರ ಲಾರಿಯ ಹೋಲಿಕೆಯನ್ನು ನಾನು ಪೂರ್ತಿಯಾಗಿ ಒಪ್ಪಲಾರೆ. ಹಾಗೆಂದು ಮೊದಲೇ ಸಿಮ್ಯುಲೇಷನ್ ತೋರಿಸಿದ್ದರೆ ಮಕ್ಕಳು ಅದನ್ನು ಕಾರ್ಟೂನಿನಂತೆ ನೋಡಿ ಮರೆಯುತ್ತಿದ್ದರು. ಚೀಟಿಯ ಮೇಲೆ ಬರೆದ ಊಹೆ, ಬಲ್ಬಿನ ಅದಲುಬದಲು, ಆಮೇಲೆ ಪರದೆ ಎಂಬ ಆ ಅನುಕ್ರಮದಲ್ಲೇ ಅದರ ಬೆಲೆಯೆಲ್ಲ ಇತ್ತು.

ಕಾಲುವೆಯ ಮಾತಾಡಿದ ಹುಡುಗಿ ಗಂಟೆ ಹೊಡೆದ ಮೇಲೂ ಹೊರಗೆ ಹೋಗಲಿಲ್ಲ. "ಸರ್, ಕಾಲುವ್ಯಾಗ ನೀರು ಹೊಲಕ್ಕ ಹೋಗ್ತದ, ಅದಕ್ಕ ಕಡಿಮಿ ಆಗ್ತದ. ಇಲ್ಲಿ ಕರೆಂಟ್ ಕಡಿಮಿ ಆಗಲಿಲ್ಲ ಅಂದ್ರ ಬೆಳಕು ಎಲ್ಲಿಂದ ಬಂತು?" ಎಂದು ಕೇಳಿದಳು. ವಿದ್ಯುತ್ ಪ್ರವಾಹಕ್ಕೂ ಶಕ್ತಿಗೂ ಇರುವ ವ್ಯತ್ಯಾಸದ ಬಾಗಿಲಲ್ಲೇ ಅವಳು ನಿಂತಿದ್ದಳು. ಮರುದಿನದ ಪಾಠವನ್ನು ನಾನು ಅವಳ ಪ್ರಶ್ನೆಯಿಂದಲೇ ಆರಂಭಿಸಿದೆ.

ಬೋಧಿಸಲು ವಿಷಯಜ್ಞಾನವಷ್ಟೇ ಸಾಲದು, ಆ ವಿಷಯದಲ್ಲಿ ಮಕ್ಕಳು ಎಲ್ಲಿ ಎಡವುತ್ತಾರೆ ಎಂಬ ತಿಳಿವಳಿಕೆಯೂ ಬೇಕು ಎಂದು ಅಮೆರಿಕದ ಶಿಕ್ಷಣತಜ್ಞ ಲೀ ಶುಲ್ಮನ್ 1986ರಲ್ಲಿ ಹೇಳಿದ್ದರು. ಅದಕ್ಕೆ ತಂತ್ರಜ್ಞಾನದ ತಿಳಿವಳಿಕೆಯನ್ನು ಸೇರಿಸಿ ಪುಣ್ಯ ಮಿಶ್ರಾ ಮತ್ತು ಮ್ಯಾಥ್ಯೂ ಕೋಹ್ಲರ್ 2006ರಲ್ಲಿ ರೂಪಿಸಿದ ಟಿಪ್ಯಾಕ್ ಎಂಬ ಚೌಕಟ್ಟನ್ನು ಕೋರ್ಸಿನಲ್ಲಿ ವಿಷಯ, ಬೋಧನೆ, ತಂತ್ರಜ್ಞಾನ ಎಂಬ ಮೂರು ವೃತ್ತಗಳ ಚಿತ್ರವಾಗಿ ತೋರಿಸಿದ್ದರು. ಆ ಚಿತ್ರ ನನಗೆ ಅರ್ಥವಾದದ್ದು ಈ ಎರಡು ದಿನಗಳ ಪಾಠದ ನಂತರವೇ.

ಇದನ್ನೆಲ್ಲ ಅಪ್ಪನಿಗೆ ಹೇಳಿದಾಗ ಅವರು ಉಪಗ್ರಹದ ಮೂಲಕ ಹಳ್ಳಿಗಳಿಗೆ ಟಿವಿ ಪಾಠ ತಲುಪಿಸಿದ ಸೈಟ್ ಎಂಬ ಯೋಜನೆಯನ್ನು ನೆನಪಿಸಿಕೊಂಡರು. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ನಾಸಾದ ಎಟಿಎಸ್-6 ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ದೂರದರ್ಶನ ಬಂದಿತ್ತು. ಕರ್ನಾಟಕದಲ್ಲಿ ಗುಲ್ಬರ್ಗಾ, ರಾಯಚೂರು, ಬಿಜಾಪುರ ಜಿಲ್ಲೆಗಳು ಅದರಲ್ಲಿ ಸೇರಿದ್ದವು, ಯಾದಗಿರಿ ಆಗ ಗುಲ್ಬರ್ಗಾಕ್ಕೆ ಸೇರಿತ್ತು. ಆ ವರ್ಷದ ರಜೆಗಳಲ್ಲಿ ಸುಮಾರು 50,000 ಪ್ರಾಥಮಿಕ ಶಿಕ್ಷಕರಿಗೆ ವಿಜ್ಞಾನ ಬೋಧನೆಯ ತರಬೇತಿಯನ್ನು ಟಿವಿಯ ಮೂಲಕ ಕೊಡಲಾಯಿತು, ಅವರಲ್ಲಿ ನಮ್ಮಪ್ಪನೂ ಒಬ್ಬರು. ತಂತಿಜಾಲರಿಯ ದೊಡ್ಡ ಕೊಡೆಯಂಥ ಆಂಟೆನಾ ಅವರಿಗೆ ಇನ್ನೂ ನೆನಪಿದೆ. ಆದರೆ ಟಿವಿಯಲ್ಲಿ ಏನು ತೋರಿಸಿದರು ಎಂಬುದು ಮರೆತುಹೋಗಿದೆ. ಕಾರ್ಯಕ್ರಮ ಮುಗಿದ ಮೇಲೆ ಶಿಕ್ಷಕರೆಲ್ಲ ಗುಂಪಾಗಿ ಕುಳಿತು ಕೈಯಾರೆ ಮಾಡಿದ ಪ್ರಯೋಗಗಳನ್ನು ಮಾತ್ರ ಒಂದೊಂದಾಗಿ ಹೇಳುತ್ತಾರೆ. ಐವತ್ತು ವರ್ಷಗಳ ಹಿಂದಿನ ಆ ತರಬೇತಿಯನ್ನು ರೂಪಿಸಿದವರು ಟಿವಿಯ ಜೊತೆಗೆ ರೇಡಿಯೊ, ಮುದ್ರಿತ ಕೈಪಿಡಿ, ಗುಂಪುಚರ್ಚೆ ಎಲ್ಲವನ್ನೂ ಸೇರಿಸಿದ್ದರೆಂಬುದು ನನಗೆ ಅವರ ಮೇಲೆ ಗೌರವ ಹುಟ್ಟಿಸುತ್ತದೆ.

ಕೋರ್ಸಿನ ಬಗ್ಗೆ ನನ್ನದೊಂದು ನೋವಿದೆ. ಎಲ್ಲವೂ ಇಂಗ್ಲಿಷಿನಲ್ಲಿತ್ತು, ಕನ್ನಡದ ಉಪಶೀರ್ಷಿಕೆಯೂ ಇರಲಿಲ್ಲ. ನನ್ನ ಜೊತೆ ಸೇರಿದ್ದ ಇಬ್ಬರು ಸಹೋದ್ಯೋಗಿಗಳು, ಇಬ್ಬರೂ ನನಗಿಂತ ಚೆನ್ನಾಗಿ ಪಾಠ ಮಾಡುವವರು, ಎರಡನೆಯ ವಾರಕ್ಕೇ ಬಿಟ್ಟರು. ಅವರು ಎಡವಿದ್ದು ಭಾಷೆಯಲ್ಲಿ, ವಿಷಯದಲ್ಲಲ್ಲ. ಕರ್ನಾಟಕದ ಶಿಕ್ಷಕರೇ ಕನ್ನಡದಲ್ಲಿ ಬರೆದು ಬೆಳೆಸಿದ ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳ ತಾಣ ನಮ್ಮ ಮುಂದಿರುವಾಗ, ಇಂಥ ಕೋರ್ಸನ್ನೂ ಕನ್ನಡದಲ್ಲಿ ಕಟ್ಟಲು ಸಾಧ್ಯವಿಲ್ಲ ಎಂಬ ಮಾತನ್ನು ನಾನು ನಂಬುವುದಿಲ್ಲ.

ಕೊನೆಯ ನಿಯೋಜನೆಯಾಗಿ ನಾನು ಸಲ್ಲಿಸಿದ ಪಾಠಯೋಜನೆಯನ್ನು ಪರಿಶೀಲಿಸಿದ ಸಹಕಲಿಕಾರರೊಬ್ಬರು, ಈ ನಲವತ್ತು ನಿಮಿಷಗಳಲ್ಲಿ ಮಕ್ಕಳು ಪರಸ್ಪರ ಮಾತಾಡುವುದು ಎಷ್ಟು ನಿಮಿಷ ಎಂದು ಕೇಳಿದ್ದರು. ಎಣಿಸಿದಾಗ ಆರು ನಿಮಿಷ ಸಿಕ್ಕಿತು. ಸಮಾಂತರ ಜೋಡಣೆಯ ಪಾಠವನ್ನು ಅದೇ ಪ್ರಶ್ನೆಯನ್ನು ಎದುರಿಗಿಟ್ಟುಕೊಂಡು ತಿದ್ದಿ ಬರೆದಿದ್ದೇನೆ. ಊಹೆಯ ಚೀಟಿಗಾಗಿ ಐದು ಪ್ರಶ್ನೆಗಳು ಸಿದ್ಧವಾಗಿವೆ, ಈ ಸಲ ಒಂದೇ ಕಂಪನಿಯ ಆರು ಬಲ್ಬುಗಳನ್ನು ತಂದಿದ್ದೇನೆ. ಕೋರ್ಸನ್ನು ನಡುವೆ ಬಿಟ್ಟ ಇಬ್ಬರು ಸಹೋದ್ಯೋಗಿಗಳೂ ಸೋಮವಾರ ಆ ತರಗತಿಯಲ್ಲಿ ಹಿಂದೆ ಕುಳಿತು ನೋಡಲು ಬರುತ್ತಿದ್ದಾರೆ.