ಕಪ್ ಮೇಲೆ ಮೂರಕ್ಷರ ಜಾಸ್ತಿ ಕೆತ್ತಿದ್ದು

ಬರ್ಮಿಂಗ್‌ಹ್ಯಾಮ್‌ನ ಜ್ಯುವೆಲರಿ ಕ್ವಾರ್ಟರ್‌ನಲ್ಲಿ ಒಂದು ಸಣ್ಣ ವರ್ಕ್‌ಶಾಪ್‌ನಲ್ಲಿ ನನ್ನ ಕೆಲಸ. ಬೆಳ್ಳಿ ಸಾಮಾನಿನ ಮೇಲೆ ಕೈಯಿಂದ ಹೆಸರು ಕೆತ್ತುವುದು. ಫೋನ್ ಮಾಡಿದಾಗೆಲ್ಲ ಚಿಕ್ಕಮ್ಮ "ಅಷ್ಟು ದೂರ ಹೋಗಿನೂ ಪಾತ್ರೆಗೆ ಹೆಸರು ಹಾಕೋ ಕೆಲಸಾನೇನೋ?" ಅಂತ ನಗುತ್ತಾರೆ. ಸುಳ್ಳೇನಲ್ಲ. ನಾನು ಶುರು ಮಾಡಿದ್ದೇ ಶಿವಮೊಗ್ಗದಲ್ಲಿ ಒಂದು ಪಾತ್ರೆ ಅಂಗಡಿ ಮುಂದೆ ಸ್ಟೂಲ್ ಹಾಕಿಕೊಂಡು, ಮದುವೆ ಸೀಸನ್‌ನಲ್ಲಿ ಕರೆಂಟ್ ಮಷಿನ್ ಹಿಡಿದು ಸ್ಟೀಲ್ ಲೋಟ, ತಟ್ಟೆ, ಕೊಳಗದ ಮೇಲೆ "ಇಂಥವರಿಂದ ಇಂಥವರಿಗೆ" ಅಂತ ಗೀಚುತ್ತಾ. ಅಲ್ಲಿ ತಪ್ಪಾದರೆ ನಾಲ್ಕು ಬೈಗುಳ, ಬದಲಿಗೆ ಇನ್ನೊಂದು ಲೋಟ. ಇಲ್ಲಿ ಬದಲಿ ಲೋಟ ಇರುವುದಿಲ್ಲ.

ಈಗ ಹೇಳುತ್ತಿರುವುದು ಸೇರಿದ ಎರಡನೇ ವರ್ಷ ನಾನು ಮಾಡಿದ ಎಡವಟ್ಟು.

ಒಂದು ಹಳೇ ಕಾರ್ ಕ್ಲಬ್‌ನವರು ತಮ್ಮ ಹಿಲ್‌ಕ್ಲೈಂಬ್ ಕಪ್ ತಂದುಕೊಟ್ಟರು. ಹಿಲ್‌ಕ್ಲೈಂಬ್ ಅಂದರೆ ಗುಂಪಾಗಿ ಓಡುವ ರೇಸ್ ಅಲ್ಲ. ಬೆಟ್ಟದ ದಾರಿ, ಒಂದು ಸಲಕ್ಕೆ ಒಂದೇ ಕಾರು, ಕೆಳಗಿಂದ ಮೇಲಕ್ಕೆ, ಪೈಪೋಟಿ ಗಡಿಯಾರದ ಜೊತೆ. ಕಪ್ಪಿಗೆ ಎರಡು ಕಿವಿ, ಕೆಳಗೆ ಕಪ್ಪು ಮರದ ಪೀಠ, ಪೀಠದ ಸುತ್ತ ಬೆಳ್ಳಿಯ ಸಣ್ಣ ಸಣ್ಣ ಗುರಾಣಿಗಳು, ಒಂದೊಂದರ ಮೇಲೆ ಒಂದು ವರ್ಷ, ಒಂದು ಹೆಸರು. ಜಾಗ ಮುಗಿದಿತ್ತು. ಕೆಳಗೆ ಇನ್ನೊಂದು ಮೆಟ್ಟಿಲು ಮಾಡಿ, ಅದರ ಸುತ್ತ ಬೆಳ್ಳಿ ಪಟ್ಟಿ ಹೊದಿಸಿ, ಹಳೇ ಹೆಸರುಗಳನ್ನೆಲ್ಲ ಒಂದೇ ಕಡೆ ಸಾಲಾಗಿ ಕೆತ್ತಿ, ಹೊಸ ಹೆಸರಿಗೂ ಜಾಗ ಬಿಡಬೇಕು ಅಂತ ಆರ್ಡರ್. ಹೆಸರಿನ ಪಟ್ಟಿ ಅವರೇ ಕೊಟ್ಟಿದ್ದರು.

ನನಗೆ ಖುಷಿಯೋ ಖುಷಿ. ಮೂರು ದಿನ ಕೂತು ಅಕ್ಷರ ಹೊಂದಿಸಿದೆ. ಪಟ್ಟಿಯಲ್ಲಿ ಒಂದೇ ವರ್ಷಕ್ಕೆ ಎರಡು ಹೆಸರು ಇದ್ದ ಕಡೆ ಟೈಪಿಂಗ್ ತಪ್ಪು ಅಂದುಕೊಂಡು ಒಂದನ್ನು ಕೈಬಿಟ್ಟೆ. 1924 ಆದಮೇಲೆ ಒಂದೇ ಸಲ 1947 ಬರುತ್ತಿತ್ತು. ಗುರಾಣಿಗಳಲ್ಲಿ ಆ ಎರಡರ ನಡುವೆ ಒಂದು ಬೆರಳಗಲ ಖಾಲಿ ಇತ್ತು, ನಾನು ಅದನ್ನೂ ಮುಚ್ಚಿ ಸಾಲು ನೀಟಾಗಿ ಜೋಡಿಸಿದೆ. ಕೊನೆಗೆ, ಯಾರೂ ಕೇಳದಿದ್ದರೂ, ಬೆಳ್ಳಿ ಪಟ್ಟಿಯ ತಲೆಯ ಮೇಲೆ ಚೆಂದ ಕಾಣಲಿ ಅಂತ ಮೂರಕ್ಷರ ಹಾಕಿದೆ: ಎಫ್, ಟಿ, ಡಿ. ಫಾಸ್ಟೆಸ್ಟ್ ಟೈಮ್ ಆಫ್ ದ ಡೇ. ಆ ದಿನ ಎಲ್ಲರಿಗಿಂತ ಕಡಿಮೆ ಸಮಯದಲ್ಲಿ ಹತ್ತಿದವರು ಅಂತ. ಬೇರೆ ಹಿಲ್‌ಕ್ಲೈಂಬ್ ಕಪ್‌ಗಳ ಮೇಲೆ ಅದನ್ನು ನೋಡಿದ್ದೆ. ಕಪ್ ಸಿಗುವುದು ಇನ್ಯಾರಿಗೆ, ವೇಗವಾಗಿ ಹೋದವರಿಗೇ ಅಲ್ವಾ?

ತೆಗೆದುಕೊಂಡು ಹೋಗಲು ಕ್ಲಬ್‌ನ ಒಬ್ಬ ಹಿರಿಯರು ಬಂದರು. ಎಂಬತ್ತು ದಾಟಿದ ವಯಸ್ಸು, ಕಂಕುಳಲ್ಲಿ ಹಳೇ ಕಾರ್ಯಕ್ರಮ ಪಟ್ಟಿಗಳ ಒಂದು ಕಟ್ಟು. ಕನ್ನಡಕ ಹಣೆಗೆ ಏರಿಸಿ, ಕಪ್ಪನ್ನು ಕಿಟಕಿ ಬೆಳಕಿಗೆ ತಿರುಗಿಸಿ ನಿಧಾನಕ್ಕೆ ಓದಿದರು. ಆಮೇಲೆ ಮೊದಲನೇ ಹೆಸರಿನ ಮೇಲೆ ಉಗುರಿಟ್ಟು ಕೇಳಿದರು.

"ಇವರು ಆ ದಿನ ವೇಗದಲ್ಲಿ ಎಷ್ಟನೆಯವರು ಗೊತ್ತಾ?"

"ಮೊದಲನೆಯವರು..."

"ಹದಿನಾಲ್ಕನೆಯವರು."

ಅಂಗಡಿಯಲ್ಲಿ ಎಲ್ಲರ ಕೈ ನಿಂತಿತು. ಅವರು ಬೈಯಲಿಲ್ಲ. ಕುರ್ಚಿ ಎಳೆದುಕೊಂಡು ಕೂತು ಕಟ್ಟು ಬಿಚ್ಚಿದರು. ಮುಂದಿನ ಒಂದೂವರೆ ಗಂಟೆಯಲ್ಲಿ ನಾನು ಕಲಿತದ್ದು, ಮತ್ತೆ ಆಮೇಲೆ ನಾನೇ ಹುಡುಕಿ ಓದಿದ್ದು ಸೇರಿಸಿ ಹೇಳುತ್ತೇನೆ.

ಇಲ್ಲಿಂದ ಹೆಚ್ಚು ದೂರವಿಲ್ಲದ ವುಸ್ಟರ್‌ಶೈರ್‌ನಲ್ಲಿ ಶೆಲ್ಸ್‌ಲಿ ವಾಲ್ಶ್ ಅಂತ ಒಂದು ಬೆಟ್ಟದ ದಾರಿ ಇದೆ. 1901ರಲ್ಲಿ ಶುರುವಾದ ಮಿಡ್‌ಲ್ಯಾಂಡ್ ಆಟೊಮೊಬೈಲ್ ಕ್ಲಬ್ ಅಲ್ಲಿ ಮೊದಲ ಸ್ಪರ್ಧೆ ನಡೆಸಿದ್ದು 1905ರ ಆಗಸ್ಟ್ 12ರಂದು. ದಾರಿಯ ಉದ್ದ 1,000 ಗಜ, ಏರು 328 ಅಡಿ, ಅಷ್ಟೇ. ಮೊದಲ ದಿನ ಎಲ್ಲರಿಗಿಂತ ಬೇಗ ಹತ್ತಿದವರು 35 ಹಾರ್ಸ್‌ಪವರ್‌ನ ಡೈಮ್ಲರ್‌ನಲ್ಲಿ ಅರ್ನೆಸ್ಟ್ ಇನ್‌ಸ್ಟೋನ್, 77.6 ಸೆಕೆಂಡು. ಈಗ ಅದೇ ದಾರಿಯನ್ನು 23 ಸೆಕೆಂಡಿಗಿಂತ ಕಡಿಮೆಯಲ್ಲಿ ಹತ್ತುತ್ತಾರೆ. ಆದರೆ ಆ ಕಾಲದಲ್ಲಿ ವೇಗ ಅಷ್ಟು ದೊಡ್ಡ ಮಾತೇ ಅಲ್ಲ. ದುಡ್ಡಿದ್ದವನು ದೊಡ್ಡ ಎಂಜಿನ್ ತಂದರೆ ಬೇಗ ಹತ್ತುತ್ತಾನೆ, ಅದರಲ್ಲಿ ಏನು ಹೆಚ್ಚುಗಾರಿಕೆ? ಹಾಗಾಗಿ ಒಂದು ಸೂತ್ರ ಇಟ್ಟುಕೊಂಡಿದ್ದರು. ಕಾರಿನ ತೂಕ ಎಷ್ಟು, ಎಂಜಿನ್ ಶಕ್ತಿ ಎಷ್ಟು, ಹತ್ತಲು ಹಿಡಿದ ಸಮಯ ಎಷ್ಟು, ಎಲ್ಲ ಸೇರಿಸಿ ಲೆಕ್ಕ. ಇರುವ ಶಕ್ತಿಯಲ್ಲಿ ಯಾರು ಚೆನ್ನಾಗಿ ಹತ್ತಿದರೋ ಅವರಿಗೆ ಬಹುಮಾನ. ನಮ್ಮ ಕಡೆ ಎತ್ತಿನ ಗಾಡಿಗೆ ಹೇರು ಹೇರಿ ದಿಬ್ಬ ಹತ್ತಿಸುವವರು ನೋಡುವುದೂ ಇದನ್ನೇ, ಎತ್ತು ನೋಡಿ ಹೇರು.

ನನ್ನ ಕೈಲಿದ್ದ ಕಪ್ಪಿನ ಕ್ಲಬ್ ಬೇರೆ, ಆದರೆ ಪದ್ಧತಿ ಅದೇ. ಮೊದಲ ಮಹಾಯುದ್ಧದವರೆಗೆ ಕಪ್ ಸೂತ್ರದ ಪ್ರಕಾರ. ಯುದ್ಧ ಮುಗಿದಮೇಲೆ ಬಂದವರಿಗೆ ಲೆಕ್ಕ ಬೇಡವಾಯಿತು, ವೇಗ ಬೇಕಾಯಿತು. ಅಷ್ಟರಲ್ಲಿ ಬೆಟ್ಟಕ್ಕಂತಲೇ ಕಾರು ಕಟ್ಟಿಸುವ ಚಟ ಹತ್ತಿತ್ತು. ಜೋಸೆಫ್ ಹಿಗಿನ್ಸನ್ ಅನ್ನುವವರು ಶೆಲ್ಸ್‌ಲಿಯಲ್ಲಿ ಗೆಲ್ಲಬೇಕು ಅಂತ ಹಟ ಹಿಡಿದು ವಾಕ್ಸ್‌ಹಾಲ್ ಕಂಪನಿಯಲ್ಲಿ ಕಾರು ಮಾಡಿಸಿಕೊಂಡು 1913ರಲ್ಲಿ 55.2 ಸೆಕೆಂಡಿಗೆ ಹತ್ತಿದರು. ಆಮೇಲೆ ಹೆಸರಾದ 30-98 ಕಾರು ಹುಟ್ಟಿದ್ದು ಹಾಗೆ. ಆ ದಾಖಲೆ 1921ರವರೆಗೆ ಉಳಿಯಿತು. ಎಂಟು ವರ್ಷ ಅಂದರೆ ಮಹಾ ಸಾಧನೆ ಅನಿಸುತ್ತದೆ, ಆದರೆ ನಡುವೆ ಯುದ್ಧ, ಹೆಚ್ಚಿನ ವರ್ಷ ಮುರಿಯಲು ಸ್ಪರ್ಧೆಯೇ ಇರಲಿಲ್ಲವಲ್ಲ! ಬರೀ ಹೆಸರು, ವರ್ಷ ನೋಡಿದರೆ ಇದು ಗೊತ್ತಾಗುವುದಿಲ್ಲ.

ಅಂದರೆ ನನ್ನ ಕಪ್ಪಿನಲ್ಲಿ ಅರ್ಧ ಹೆಸರುಗಳು ಜಾಣತನಕ್ಕೆ, ಉಳಿದರ್ಧ ವೇಗಕ್ಕೆ. ಕಪ್ ಒಂದೇ, ನಡುವೆ ಅದರ ಅರ್ಥ ಬದಲಾಗಿತ್ತು. ನಾನು ಎಲ್ಲರ ತಲೆ ಮೇಲೂ ಮೂರಕ್ಷರದ ಒಂದೇ ಟೋಪಿ ಹಾಕಿದ್ದೆ.

ಇನ್ನು ಆ ಖಾಲಿ ಜಾಗ. ನಾನು ಮುಚ್ಚಿದ್ದೆನಲ್ಲ, ಅದಕ್ಕೇ ಹಿರಿಯರಿಗೆ ಹೆಚ್ಚು ಬೇಜಾರಾಗಿದ್ದು. ಆಗ ಎಷ್ಟೋ ಕ್ಲಬ್‌ಗಳು ಸ್ಪರ್ಧೆ ನಡೆಸುತ್ತಿದ್ದದ್ದು ಸಾರ್ವಜನಿಕ ರಸ್ತೆಯಲ್ಲೇ. ಜನ ರಸ್ತೆ ಅಂಚಿನಲ್ಲಿ, ಕೆಲವರು ರಸ್ತೆಯಲ್ಲೇ ನಿಂತು ನೋಡೋರು. 1925ರ ಮಾರ್ಚ್ 28ರಂದು ಬಕಿಂಗ್‌ಹ್ಯಾಮ್‌ಶೈರ್‌ನ ಕಾಪ್ ಹಿಲ್‌ನಲ್ಲಿ ಒಂದು ಬುಗಾಟಿ ಕಾರು ಹಿಡಿತ ತಪ್ಪಿ ದಿಣ್ಣೆ ಹತ್ತಿ ಪ್ರೇಕ್ಷಕನೊಬ್ಬನಿಗೆ ಗುದ್ದಿತು, ಅವನ ಕಾಲು ಮುರಿಯಿತು. ಕ್ರೀಡೆಯ ಹೊಣೆ ಹೊತ್ತಿದ್ದ ರಾಯಲ್ ಆಟೊಮೊಬೈಲ್ ಕ್ಲಬ್ ಅದಾದಮೇಲೆ ಸಾರ್ವಜನಿಕ ರಸ್ತೆಯ ಸ್ಪರ್ಧೆಗಳಿಗೆ ಪರವಾನಗಿ ಕೊಡುವುದನ್ನೇ ನಿಲ್ಲಿಸಿತು. ಒಂದು ಕಾಲು ಮುರಿದು ದೇಶದ ಬೆಟ್ಟಗಳೆಲ್ಲ ಖಾಲಿ. ಶೆಲ್ಸ್‌ಲಿ ಉಳಿದುಕೊಂಡಿತು, ಯಾಕೆಂದರೆ ಅದು ಖಾಸಗಿ ಜಮೀನಿನೊಳಗಿನ ದಾರಿ. ಹಾಗೆ ಉಳಿದದ್ದರಿಂದಲೇ 1930ರಲ್ಲಿ ಜರ್ಮನಿಯ ರೇಸ್ ಚಾಲಕ ಹಾನ್ಸ್ ಸ್ಟುಕ್ ಯುರೋಪಿನಿಂದ ಆಸ್ಟ್ರೋ-ಡೈಮ್ಲರ್ ಕಾರು ತಂದು 42.8 ಸೆಕೆಂಡಿಗೆ ಹತ್ತಿ ಎಲ್ಲರ ಬಾಯಿ ಮುಚ್ಚಿಸಿದ್ದು, 1935ರಲ್ಲಿ ಇಂಗ್ಲೆಂಡಿನ ಚಾಲಕ ರೇಮಂಡ್ ಮೇಸ್ 40 ಸೆಕೆಂಡಿಗಿಂತ ಕಡಿಮೆಯಲ್ಲಿ ಹತ್ತಿದ್ದು.

ಸ್ವಂತ ಬೆಟ್ಟ ಇಲ್ಲದ ಸಣ್ಣ ಕ್ಲಬ್‌ಗಳು ಏನು ಮಾಡಬೇಕು? ಈ ಕ್ಲಬ್ ಕಪ್ಪನ್ನು ಬಟ್ಟೆಯಲ್ಲಿ ಸುತ್ತಿ ಒಬ್ಬ ಸದಸ್ಯರ ಮನೆ ಅಟ್ಟದಲ್ಲಿ ಇಟ್ಟಿತು. ಎರಡನೇ ಮಹಾಯುದ್ಧವೂ ಬಂದು ಹೋಯಿತು. 1947ರಲ್ಲಿ ಬೇರೆಯವರ ಬೆಟ್ಟದಲ್ಲಿ ಒಂದು ದಿನ ಸಿಕ್ಕಾಗ ಕಪ್ ಕೆಳಗಿಳಿಯಿತು. ಬ್ರಿಟಿಷ್ ಹಿಲ್‌ಕ್ಲೈಂಬ್ ಚಾಂಪಿಯನ್‌ಶಿಪ್ ಶುರುವಾದ ವರ್ಷವೂ ಅದೇ. ಆಗ ಗುರಾಣಿ ಹೊಡೆದವನು ಯಾರೋ, ಅವನಿಗೆ ವಿಷಯ ಗೊತ್ತಿತ್ತು. ಬೇಕಂತಲೇ ಒಂದು ಬೆರಳಗಲ ಜಾಗ ಬಿಟ್ಟಿದ್ದ. ನಾನು ಅದನ್ನು ಅಂದಗೇಡು ಅಂತ ಅಳಿಸಿದೆ.

ಒಂದೇ ವರ್ಷದ ಎರಡು ಹೆಸರೂ ಸರಿಯಾಗೇ ಇತ್ತು. ಆ ವರ್ಷ ಎರಡು ಸಲ ಸ್ಪರ್ಧೆ ನಡೆದಿತ್ತು.

ನಮ್ಮ ಯಜಮಾನರು ಮೂಲೆಯಲ್ಲಿ ಎಲ್ಲ ಕೇಳಿಸಿಕೊಳ್ಳುತ್ತಿದ್ದರು. ಹಿರಿಯರು ಹೋದಮೇಲೆ ಹತ್ತಿರ ಬಂದು ಕಪ್ಪಿನ ತಳ ತಿರುಗಿಸಿ, ಕಣ್ಣಿಗೆ ಲೂಪ್, ಅಂದರೆ ಸಣ್ಣ ಭೂತಗನ್ನಡಿ, ಸಿಕ್ಕಿಸಿಕೊಳ್ಳಲು ಹೇಳಿದರು. ಲಂಗರಿನ ಮುದ್ರೆ, ಅಂದರೆ ಬರ್ಮಿಂಗ್‌ಹ್ಯಾಮ್‌ನಲ್ಲಿ ಬೆಳ್ಳಿಯ ಶುದ್ಧತೆ ಪರೀಕ್ಷೆ ಆದದ್ದು. ನಡೆಯುವ ಸಿಂಹ, ಅಂದರೆ 92.5 ಪರ್ಸೆಂಟ್ ಬೆಳ್ಳಿ. ಪಕ್ಕದಲ್ಲಿ ವರ್ಷ ಸೂಚಿಸುವ ಒಂದು ಅಕ್ಷರ. ಆಗೆಲ್ಲ ಆ ಅಕ್ಷರ ಜನವರಿಯಲ್ಲಿ ಬದಲಾಗುತ್ತಿರಲಿಲ್ಲ, ವರ್ಷದ ನಡುವೆ ಬದಲಾಗುತ್ತಿತ್ತು, ಹಾಗಾಗಿ ಒಂದು ಅಕ್ಷರ ಎರಡು ವರ್ಷಕ್ಕೆ ಚಾಚಿಕೊಂಡಿರುತ್ತದೆ. ಲೆಕ್ಕ ಹಾಕಿದರೆ ಮೊದಲ ಹೆಸರಿಗಿಂತ ಕಪ್ ಮೂರು ವರ್ಷ ಹಳೆಯದು. ಯಾರೋ ಅಂಗಡಿಯಲ್ಲಿದ್ದದ್ದನ್ನು ಕೊಂಡು ಕ್ಲಬ್ಬಿಗೆ ಕೊಟ್ಟಿರಬೇಕು. "ಅಪ್ಪಿತಪ್ಪಿ ಈ ವರ್ಷವನ್ನೇ ಸ್ಪರ್ಧೆ ಶುರುವಾದ ವರ್ಷ ಅಂತ ಕೆತ್ತಲಿಲ್ಲವಲ್ಲ, ಪುಣ್ಯ" ಅಂದರು. ಅಷ್ಟೇ ಅಂದದ್ದು. ಅದೇ ಸಾಕಾಗಿತ್ತು ನನಗೆ.

ಗೊತ್ತಿಲ್ಲದವರು ಕೇಳುತ್ತಾರೆ, ಮೂರಕ್ಷರ ತಾನೇ, ಉಜ್ಜಿ ತೆಗೆದರೆ ಆಯ್ತಲ್ಲ ಅಂತ. ಕೆತ್ತನೆ ಅಂದರೆ ಬಣ್ಣ ಹಚ್ಚಿದ್ದಲ್ಲ, ಉಳಿಯ ತುದಿ ಬೆಳ್ಳಿಯನ್ನು ಸಣ್ಣ ಸುರುಳಿಯಾಗಿ ಎಬ್ಬಿಸಿ ಹೊರಗೆ ಹಾಕಿರುತ್ತದೆ. ಹೋದ ಬೆಳ್ಳಿ ಹೋಯಿತು. ಅಳಿಸಬೇಕಾದರೆ ಸುತ್ತಲಿನದನ್ನೂ ಅಷ್ಟೇ ಆಳಕ್ಕೆ ಇಳಿಸಬೇಕು. ತೆಳು ಪಟ್ಟಿಯಲ್ಲಿ ಹಾಗೆ ಮಾಡಿದರೆ ಆ ಜಾಗ ಹಳ್ಳವಾಗಿ, ಬೆಳಕು ಬಿದ್ದಾಗ ನೀರಿನ ಹಾಗೆ ಅಲುಗುತ್ತದೆ. ಹೊಸ ಪಟ್ಟಿಯನ್ನೇ ಮಾಡಬೇಕಾಯಿತು. ಬೆಳ್ಳಿಯ ದುಡ್ಡು ವರ್ಕ್‌ಶಾಪ್ ಹಾಕಿತು, ಸಮಯ ನನ್ನದು, ಎರಡು ಶನಿವಾರ, ಒಂದು ಭಾನುವಾರ.

ಈ ಸಲ ಹಿರಿಯರ ಹತ್ತಿರ ಕೂತು ಪ್ರತಿ ಹೆಸರಿಗೂ "ಯಾತಕ್ಕೆ ಕೊಟ್ಟಿದ್ದು?" ಅಂತ ಕೇಳಿ ಬರೆದುಕೊಂಡೆ. ಯುದ್ಧಕ್ಕೆ ಮುಂಚಿನವರ ಹೆಸರಿನ ಮುಂದೆ ಸಣ್ಣದಾಗಿ "ಸೂತ್ರ" ಅನ್ನುವ ಅರ್ಥದ ಒಂದು ಅಕ್ಷರ. 1924 ಮತ್ತು 1947ರ ನಡುವೆ ಒಂದು ಬೆರಳಗಲ ಖಾಲಿ, ಗೆರೆ ಇಲ್ಲ, ಹೂಬಳ್ಳಿ ಇಲ್ಲ. ಪಕ್ಕದ ಬೆಂಚಿನ ಹುಡುಗ ನೋಡಿ "ಇಲ್ಲಿ ಮರೆತೆಯಾ?" ಅಂದ.

ಅದಾದಮೇಲೆ ನನ್ನ ಜಾಬ್ ಕಾರ್ಡ್‌ನಲ್ಲಿ ಹೆಸರು, ವರ್ಷ, ಅಕ್ಷರದ ಶೈಲಿ ಜೊತೆಗೆ "ಯಾತಕ್ಕೆ" ಅಂತ ಒಂದು ಕಾಲಂ ಸೇರಿಕೊಂಡಿದೆ. ಗಾಲ್ಫ್ ಕಪ್ ಇರಲಿ, ಶಾಲೆಯ ಶೀಲ್ಡ್ ಇರಲಿ, ಕೇಳುತ್ತೇನೆ. ಕೆಲವರಿಗೆ ಕಿರಿಕಿರಿ. "ಸುಮ್ನೆ ಹೆಸರು ಹಾಕಿ ಕೊಡಪ್ಪ" ಅನ್ನೋ ಮುಖ ಮಾಡುತ್ತಾರೆ. ಹಳೇ ಸಾಲಿನಲ್ಲಿ ಎಲ್ಲಾದರೂ ಜಾಗ ಖಾಲಿ ಇದ್ದರೆ ಅಳತೆ ತೆಗೆದು ಅಷ್ಟೇ ಬಿಡುತ್ತೇನೆ, ಕಾರಣ ಗೊತ್ತಾಗದಿದ್ದರೂ ಸರಿ. ಪಾತ್ರೆ ಅಂಗಡಿಯಲ್ಲೂ ಇದೇ ಇತ್ತು ಅಂತ ಈಗ ಅನಿಸುತ್ತದೆ. ಅಜ್ಜಿಯ ಹಿತ್ತಾಳೆ ಕೊಳಗದ ಮೇಲೆ ಬರೀ ಒಂದು ಹೆಸರು, ಒಂದು ಇಸವಿ ಇತ್ತು. ಅದು ಮದುವೆಗೆ ಬಂದದ್ದಾ, ಗೃಹಪ್ರವೇಶಕ್ಕಾ, ಇಲ್ಲಾ ಯಾರದೋ ಮನೆಯಿಂದ ಅದಲುಬದಲಾಗಿ ಬಂದದ್ದಾ, ಹೇಳುವವರು ಈಗ ಯಾರೂ ಇಲ್ಲ.

ಹೋದ ವರ್ಷ ಆ ಕಪ್ ಹೊಸ ಹೆಸರಿಗೆ ಅಂತ ಮತ್ತೆ ಬಂತು. ಹಿರಿಯರು ಈಗ ಓಡಾಡುವುದಿಲ್ಲ, ಪೋಸ್ಟ್‌ನಲ್ಲಿ ಕಳಿಸಿದ್ದರು. ಜೊತೆಗೆ ಚೀಟಿ. ಗೆದ್ದವರ ಹೆಸರು, ಕಾರು, ಸಮಯ, ಯಾತಕ್ಕೆ, ಎಲ್ಲ ಟೈಪ್ ಮಾಡಿತ್ತು. ಕೆಳಗೆ ಪೆನ್ಸಿಲ್‌ನಲ್ಲಿ, ನಡುಗುವ ಕೈಯಲ್ಲಿ, ಒಂದು ಸಾಲು: "ಈ ಸಲ ನಿಜವಾಗಲೂ ಇವರೇ ಎಲ್ಲರಿಗಿಂತ ವೇಗವಾಗಿ ಹೋದವರು. ಆದರೂ ಏನೂ ಸೇರಿಸಬೇಡಿ."