ಮರಣದ ಸಮಯದಲ್ಲೂ ಪ್ರಾರ್ಥಿಸಿರಿ

ನವೆಂಬರ್ ಬಂತೆಂದರೆ ದಾವಣಗೆರೆಯ ಸುತ್ತಮುತ್ತ ರಸ್ತೆ ಬದಿಯಲ್ಲೆಲ್ಲ ಮೆಕ್ಕೆಜೋಳ ಒಣಗಲು ಹಾಕಿರುತ್ತಾರೆ. ಅದೇ ಹೊತ್ತಿಗೆ ನಮ್ಮ ಕಥೋಲಿಕ ಮನೆಗಳಲ್ಲಿ ಸಮಾಧಿಗೆ ಸುಣ್ಣ ಬಳಿಯುವ ಮಾತು ಶುರುವಾಗುತ್ತದೆ. 1ನೇ ತಾರೀಕು ಸಕಲ ಸಂತರ ಹಬ್ಬ, ಮರುದಿನ ಸಕಲ ಮೃತರ ಸ್ಮರಣೆ. ಹುಲ್ಲು ಕಿತ್ತು, ಕಲ್ಲು ತೊಳೆದು, ಚೆಂಡು ಹೂವು ಹರಡಿ ಮೇಣದಬತ್ತಿ ಹಚ್ಚುತ್ತೇವೆ. ಫಾದರ್ ತೀರ್ಥ ಚಿಮುಕಿಸುತ್ತಾ ಸಾಲು ಸಾಲಾಗಿ ಬರುತ್ತಾರೆ. ಇದೆಲ್ಲ ನಿಮಗೂ ಗೊತ್ತು. ಈ ಸಲ ಸಮಾಧಿಯ ಮುಂದೆ ಜಪಸರ ಹೇಳುವಾಗ ದೊಡ್ಡಮ್ಮನ ದನಿ ನನ್ನ ಕಿವಿಯಲ್ಲಿ ಎಷ್ಟು ಜೋರಾಗಿ ಬಂತೆಂದರೆ, ಪಕ್ಕದವರ ದನಿಯೇ ಕೇಳಿಸಲಿಲ್ಲ.

ದೊಡ್ಡಮ್ಮನಿಗೆ ಒಂದು ಅಭ್ಯಾಸವಿತ್ತು. ಯೇಸುವಿನ ತಾಯಿ ಮರಿಯಳಿಗೆ ಹೇಳುವ 'ನಮೋ ಮರಿಯಾ' ಪ್ರಾರ್ಥನೆಯನ್ನು ಎಲ್ಲರಂತೆ ಸರಸರ ಹೇಳುತ್ತಿದ್ದಳು. 'ಪಾಪಿಗಳಾಗಿರುವ ನಮಗಾಗಿ ಈಗಲೂ' ಅನ್ನುವವರೆಗೂ ಅದೇ ಓಟ. ಆಮೇಲೆ ಸ್ವಲ್ಪ ನಿಲ್ಲುತ್ತಿದ್ದಳು. 'ನಮ್ಮ ಮರಣದ ಸಮಯದಲ್ಲೂ' ಅನ್ನುವುದನ್ನು ಮಾತ್ರ ನಿಧಾನಕ್ಕೆ, ಒಂದೊಂದೇ ಮಾತಾಗಿ ಹೇಳುತ್ತಿದ್ದಳು. ಅವಳದು ಕಪ್ಪು ಮರದ ಮಣಿಗಳ ಜಪಸರ. ಆ ಸಾಲಿಗೆ ಬಂದಾಗ ಮಣಿಯನ್ನು ಹೆಬ್ಬೆರಳಿನಿಂದ ಎಷ್ಟು ಒತ್ತಿ ಹಿಡಿಯುತ್ತಿದ್ದಳೆಂದರೆ, ಉಗುರು ಬೆಳ್ಳಗಾಗುತ್ತಿತ್ತು. ಸಾಲು ಮುಗಿದ ಮೇಲೆ ಉಗುರಿಗೆ ಮತ್ತೆ ಕೆಂಪು ಬರುತ್ತಿತ್ತು. ಮುಂದಿನ ಮಣಿ, ಮತ್ತೆ ಬಿಳುಪು. ಮಕ್ಕಳಾದ ನಮಗೆ ಒಳಗೆ ಸಾರಿನ ವಾಸನೆ, ಹೊಟ್ಟೆಯಲ್ಲಿ ಹಸಿವು. ಇವಳು ಯಾಕೆ ಇಲ್ಲೇ ನಿಂತುಬಿಡುತ್ತಾಳೆ ಅಂತ ಒಬ್ಬರ ಮುಖ ಒಬ್ಬರು ನೋಡುತ್ತಿದ್ದೆವು.

ಒಂದು ಜಪಸರದಲ್ಲಿ ಆ ಪ್ರಾರ್ಥನೆ 53 ಸಲ ಬರುತ್ತದೆ. ಅಂದರೆ 53 ಸಲ ನಾವು ನಮ್ಮದೇ ಸಾವಿನ ಹೊತ್ತನ್ನು ಬಾಯಿಬಿಟ್ಟು ಹೇಳುತ್ತೇವೆ. ಅದೇ ನಾವು, ಮನೆಯಲ್ಲಿ ವಯಸ್ಸಾದವರು 'ನಾನು ಹೋದ ಮೇಲೆ' ಅಂತ ಮಾತು ತೆಗೆದರೆ 'ಬಿಡ್ತು ಅನ್ನು' ಅಂತೀವಿ. ಪ್ರಾರ್ಥನೆಯಲ್ಲಿ ಹೇಳಬಹುದಾದದ್ದನ್ನು ಪಡಸಾಲೆಯಲ್ಲಿ ಯಾಕೆ ಹೇಳಬಾರದೋ ನನಗೆ ಇವತ್ತಿಗೂ ಅರ್ಥವಾಗಿಲ್ಲ.

ದೊಡ್ಡಮ್ಮನಿಗೆ ಆ ಹೆದರಿಕೆ ಇರಲಿಲ್ಲ. ನಮ್ಮ ಧರ್ಮಕೇಂದ್ರದಲ್ಲಿ, ಅಂದರೆ ನಮ್ಮ ಚರ್ಚಿಗೆ ಸೇರಿದ ಮನೆಗಳಲ್ಲಿ, ಯಾರದಾದರೂ ಉಸಿರು ಏರುಪೇರಾಗುತ್ತಿದೆ ಅಂತ ಸುದ್ದಿ ಬಂದರೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಹೊರಟುಬಿಡುತ್ತಿದ್ದಳು. ತಲೆಯ ಹತ್ತಿರ ಕೂತು, ಹತ್ತಿಯನ್ನು ನೀರಲ್ಲಿ ಅದ್ದಿ ತುಟಿ ಒದ್ದೆ ಮಾಡುತ್ತಿದ್ದಳು. ಕಿವಿಯ ಹತ್ತಿರ ಬಗ್ಗಿ 'ಯೇಸುವೇ, ಮರಿಯಾ, ಜೋಸೆಫ' ಅನ್ನುತ್ತಿದ್ದಳು. ಸಂತ ಜೋಸೆಫರು ಒಳ್ಳೆಯ ಮರಣದ ಪಾಲಕರು ಅಲ್ವಾ. ಪ್ರತಿ ಸೆಪ್ಟೆಂಬರ್ 8ಕ್ಕೆ ಹರಿಹರದ ಆರೋಗ್ಯ ಮಾತೆಯ ಹಬ್ಬಕ್ಕೆ ತಪ್ಪದೆ ಹೋಗುತ್ತಿದ್ದಳು. ಅಲ್ಲಿ ಎಷ್ಟು ಜನ, ಎಷ್ಟು ಹರಕೆ! ಮಂಡಿ ನೋವು, ಸಕ್ಕರೆ ಕಾಯಿಲೆ, ಮಗುವಾಗಲಿಲ್ಲ ಅಂತ ಎಲ್ಲ ಜಾತಿ ಧರ್ಮದವರೂ ತಾಯಿಯ ಮುಂದೆ ನಿಲ್ಲುತ್ತಾರೆ. ಒಂದು ವರ್ಷ ವಾಪಸ್ಸು ಬರುವಾಗ ಬಸ್ಸಿನಲ್ಲಿ ನೀನು ಏನು ಕೇಳಿಕೊಂಡೆ ಅಂತ ಕೇಳಿದೆ. "ಎಲ್ಲರೂ ಆರೋಗ್ಯ ಕೇಳ್ತಾರೆ. ನಾನು ಒಳ್ಳೆ ಸಾವು ಕೇಳಿದೆ" ಅಂದಳು. ಅಷ್ಟು ಹೇಳಿ ಕಿಟಕಿಯಾಚೆ ತುಂಗಭದ್ರೆಗೆ ಕೈ ಮುಗಿದಳು.

ಈ ವರ್ಷ ನಮ್ಮ ಪಕ್ಕದ ಮನೆಯ ಮೇಷ್ಟ್ರು ಹೆಂಡತಿಯನ್ನು ಕಳೆದುಕೊಂಡರು. ಗಂಡ ಹೆಂಡತಿ ಇಬ್ಬರೂ ಲಿಂಗಪೂಜೆ ಆಗದೆ ಬಾಯಿಗೆ ನೀರು ಹಾಕದವರು. ನಾನು ಸಮಾಧಿಗೆ ಹೂವು ಕಟ್ಟುತ್ತಾ ಕೂತಿದ್ದಾಗ ಅವರು ಕಾಂಪೌಂಡಿನಾಚೆಯಿಂದ, "ಏನಮ್ಮಾ, ಒಂದು ಮಾತು ಕೇಳ್ತೀನಿ, ತಪ್ಪು ತಿಳೀಬೇಡ. ಸತ್ತ ಮೇಲೆ ಏನಾಗ್ತದೆ ಅಂತ ನಿಮ್ಮಲ್ಲಿ ಹೇಳ್ತಾರೆ?" ಅಂದರು. ಸುಮ್ನೆ ಕೇಳಿದ ಮಾತಲ್ಲ ಅದು. ಕಣ್ಣು ನೋಡಿದರೆ ಗೊತ್ತಾಗುತ್ತಿತ್ತು.

ನಾನು ಲಾಜರನ ಕತೆ ಹೇಳಿದೆ. ಬೈಬಲಿನಲ್ಲಿ ಯೊವಾನ್ನರ ಶುಭಸಂದೇಶದ 11ನೇ ಅಧ್ಯಾಯ. ಬೆಥಾನಿಯದಲ್ಲಿ ಲಾಜರ ಸತ್ತು ನಾಲ್ಕು ದಿನವಾಗಿದೆ. ಅಕ್ಕ ಮಾರ್ತಾ ಯೇಸುಸ್ವಾಮಿಯನ್ನು ಊರ ಹೊರಗೇ ಎದುರುಗೊಂಡು, ನೀವು ಇಲ್ಲಿ ಇದ್ದಿದ್ದರೆ ನನ್ನ ತಮ್ಮ ಸಾಯುತ್ತಿರಲಿಲ್ಲ ಅನ್ನುತ್ತಾಳೆ. ಎಷ್ಟು ಮನೆಗಳ ಮಾತು ಅದು! ಆಗ ಸ್ವಾಮಿ, ಪುನರುತ್ಥಾನವೂ ಜೀವವೂ ನಾನೇ, ನನ್ನನ್ನು ನಂಬಿದವನು ಸತ್ತರೂ ಬದುಕುತ್ತಾನೆ ಅನ್ನುತ್ತಾರೆ. ಅಷ್ಟಕ್ಕೇ ಬಿಡುವುದಿಲ್ಲ, ಇದನ್ನು ನಂಬುತ್ತೀಯಾ ಅಂತ ಕೇಳುತ್ತಾರೆ. ಗಮನಿಸಿ, ಈ ಪ್ರಶ್ನೆ ಕೇಳಿದ್ದು ಲಾಜರ ಎದ್ದು ಬಂದ ಮೇಲಲ್ಲ. ತಮ್ಮ ಇನ್ನೂ ಗವಿಯೊಳಗೆ, ಬಾಯಿಗೆ ಕಲ್ಲು ಮುಚ್ಚಿರುವಾಗ. ನಮ್ಮನ್ನು ಕೇಳುವುದೂ ಹಾಗೇ. ಮಾರ್ತಾ ಹೌದು ಪ್ರಭು ಅಂದಳು.

"ಆಮೇಲೆ ಎಬ್ಬಿಸಿದ್ರಾ?" ಅಂದರು ಮೇಷ್ಟ್ರು. ಎಬ್ಬಿಸಿದರು, ಆದರೆ ಅದಕ್ಕೂ ಮೊದಲು ಅತ್ತರು ಅಂದೆ. ಇನ್ನೇನು ಸ್ವಲ್ಪ ಹೊತ್ತಿಗೆ ಎಬ್ಬಿಸುತ್ತೇನೆ ಅಂತ ಗೊತ್ತಿದ್ದ ದೇವರ ಮಗ, ಗೆಳೆಯನಿಗಾಗಿ ಕಣ್ಣೀರು ಹಾಕಿದರು. ಮೇಷ್ಟ್ರು ಕಾಂಪೌಂಡಿನ ಮೇಲೆ ಕೈ ಊರಿ ತುಂಬಾ ಹೊತ್ತು ನಿಂತರು. ಸಾವಿನ ಮನೆಗೆ ಹೋಗಿ 'ಅಳಬೇಡಿ, ಸ್ವರ್ಗಕ್ಕೆ ಹೋಗಿದ್ದಾರೆ' ಅನ್ನುವ ನಮ್ಮವರಿಗೆ ಈ ಒಂದು ವಾಕ್ಯ ಯಾಕೆ ಮರೆತುಹೋಗುತ್ತದೋ. ಅತ್ತರೆ ವಿಶ್ವಾಸ ಕಮ್ಮಿ ಅಂತ ಯಾರು ಹೇಳಿದರು?

ಸಂತ ಪೌಲರು ಕೊರಿಂಥದವರಿಗೆ ಬರೆದದ್ದನ್ನೂ ಹೇಳಿದೆ. ಬಿತ್ತಿದ ಕಾಳು ಸಾಯದೆ ಜೀವ ಪಡೆಯುವುದಿಲ್ಲ, ಮಣ್ಣಿಗೆ ಹಾಕುವುದು ಬರೀ ಕಾಳು, ದೇವರು ಕೊಡುವುದು ಬೇರೆಯೇ ದೇಹ ಅಂತ. ಮೆಕ್ಕೆಜೋಳದ ಸೀಮೆಯವರಿಗೆ ಇದಕ್ಕಿಂತ ಜಾಸ್ತಿ ಬಿಡಿಸಿ ಹೇಳಬೇಕಾಗಿಲ್ಲ. ಆತ್ಮ ಹಾರಿಹೋಯಿತು, ದೇಹ ಮಣ್ಣಾಯಿತು, ಅಷ್ಟೇ ಅಂತ ನಾವು ನಂಬುವುದಿಲ್ಲ. 'ಶರೀರದ ಪುನರುತ್ಥಾನವನ್ನೂ ನಿತ್ಯಜೀವವನ್ನೂ ವಿಶ್ವಾಸಿಸುತ್ತೇನೆ' ಅಂತ ಹೇಳುತ್ತೇವೆ. ದೊಡ್ಡಮ್ಮನ ಆ ಹೆಬ್ಬೆರಳೂ ಅದರಲ್ಲಿ ಸೇರಿದೆ ಅಂತ ನಾನು ನಂಬಿದ್ದೇನೆ.

ಹಾಗಾದರೆ ಯಾರು ಉದ್ಧಾರವಾಗುತ್ತಾರೆ? ಪುಣ್ಯ ಕೂಡಿಸಿಟ್ಟವರಾ? ಈ ಪ್ರಶ್ನೆ ಬಂದಾಗಲೆಲ್ಲ ನನಗೆ ಯೇಸುಸ್ವಾಮಿಯ ಪಕ್ಕದ ಶಿಲುಬೆಯ ಮೇಲಿದ್ದ ಆ ಕಳ್ಳ ಕಣ್ಣ ಮುಂದೆ ಬರುತ್ತಾನೆ. ಅವನಲ್ಲಿ ತೋರಿಸಲು ಏನೂ ಇರಲಿಲ್ಲ. ಕದ್ದ ಕೈಗಳಿಂದ ಒಂದು ಒಳ್ಳೆಯ ಕೆಲಸ ಮಾಡೋಣ ಅಂದರೆ ಕೈ ಅಲುಗಾಡುವಂತಿಲ್ಲ. ಯಾರದಾದರೂ ಕಾಲು ಹಿಡಿಯೋಣ ಅಂದರೆ ಇಳಿಯುವಂತಿಲ್ಲ. ಉಳಿದಿದ್ದು ಬಾಯಿ ಒಂದೇ. ಯೇಸುವೇ, ನಿಮ್ಮ ರಾಜ್ಯಕ್ಕೆ ಬರುವಾಗ ನನ್ನನ್ನು ನೆನೆಸಿಕೊಳ್ಳಿ ಅಂದ. ಇವತ್ತೇ ನೀನು ನನ್ನ ಜೊತೆ ಇರುವೆ ಅಂತ ಉತ್ತರ ಬಂತು. ಇವತ್ತೇ! ಉದ್ಧಾರ ನಾವು ದುಡಿದು ತರುವ ಕೂಲಿಯಲ್ಲ. ಹಸಿದವರಿಗೆ ಅನ್ನ ಹಾಕಬೇಕು, ಕಾಯಿಲೆ ಬಿದ್ದವರನ್ನು ನೋಡಬೇಕು, ಅದನ್ನು ಸ್ವಾಮಿಯೇ ಹೇಳಿದ್ದಾರೆ. ಆದರೆ ಅದನ್ನು ಮಾಡುವುದು ಪ್ರೀತಿ ಸಿಕ್ಕಿದ್ದರಿಂದ, ಪ್ರೀತಿಯನ್ನು ಕೊಂಡುಕೊಳ್ಳಲು ಅಲ್ಲ. ದೊಡ್ಡಮ್ಮ ಅಷ್ಟು ಮನೆಗಳ ಸಾವಿಗೆ ಕೂತವಳು, ಆದರೂ ಕೊನೆವರೆಗೂ 'ಪಾಪಿಗಳಾಗಿರುವ ನಮಗಾಗಿ' ಅಂತಲೇ ಹೇಳಿದಳು.

ಎರಡು ದಿನ ಬಿಟ್ಟು ಮೇಷ್ಟ್ರು ಮತ್ತೆ ಬಂದರು. ನವೆಂಬರ್ ತಿಂಗಳ ಬಲಿಪೂಜೆಗೆ, ಅಂದರೆ ಚರ್ಚಿನ ಮಾಸ್‌ಗೆ, ಮೃತರ ಹೆಸರು ಬರೆದುಕೊಡುವುದನ್ನು ನನ್ನಿಂದ ಕೇಳಿ ತಿಳಿದಿದ್ದರು. "ನಮ್ಮವಳ ಹೆಸರು ಬರೆಯಬಹುದಾ?" ಅಂದರು. ನಾನು ಫಾದರ್ ಅವರನ್ನು ಕೇಳಿದೆ. ಧಾರಾಳವಾಗಿ ಬರೆಯಿರಿ ಅಂದರು. ಬಲಿಪೂಜೆಯ ಒಂದು ಪ್ರಾರ್ಥನೆಯಲ್ಲಿ, ಯಾರ ವಿಶ್ವಾಸ ದೇವರಿಗೆ ಮಾತ್ರ ಗೊತ್ತೋ ಅಂಥ ಮೃತರನ್ನೂ ನಾವು ನೆನೆಯುತ್ತೇವೆ. 1915ರಲ್ಲಿ ಮೊದಲ ಮಹಾಯುದ್ಧದಲ್ಲಿ ಲಕ್ಷಗಟ್ಟಲೆ ಜನ ಸಾಯುತ್ತಿದ್ದಾಗ, 15ನೇ ಬೆನೆಡಿಕ್ಟ್ ಪೋಪರು ನವೆಂಬರ್ 2ರಂದು ಪ್ರತಿ ಪಾದ್ರಿಗೂ ಮೂರು ಬಲಿಪೂಜೆ ಅರ್ಪಿಸಲು ಅನುಮತಿ ಕೊಟ್ಟರು. ಧರ್ಮಸಭೆಗೆ ಸತ್ತವರ ಮೇಲೆ ಅಷ್ಟು ಕಾಳಜಿ. ಮೇಷ್ಟ್ರು ಹೆಸರನ್ನು ತಮ್ಮ ಕೈಯಾರೆ, ಗುಂಡಗಿನ ಅಕ್ಷರದಲ್ಲಿ ಬರೆದುಕೊಟ್ಟರು.

ಬದುಕಿರುವವರ ವಿಷಯದಲ್ಲಿ ನಮ್ಮ ಕಾಳಜಿ ಎಲ್ಲಿ ಹೋಯಿತು ಅನ್ನುವುದೇ ನನ್ನ ಸಂಕಟ. ಕಾಯಿಲೆಯವರಿಗೆ ಎಣ್ಣೆ ಹಚ್ಚುವ ಸಂಸ್ಕಾರ ಇದೆಯಲ್ಲ, ಅದಕ್ಕೆ ಜನ ಹೆದರುತ್ತಾರೆ. ಫಾದರ್ ಎಣ್ಣೆ ತಂದರೆ ಕತೆ ಮುಗಿಯಿತು ಅಂತ ಲೆಕ್ಕ. ರೋಗಿ ಐಸಿಯು ಸೇರಿ, ಬಾಯಲ್ಲಿ ಪೈಪು ಹಾಕಿ, ಪ್ರಜ್ಞೆ ತಪ್ಪಿದ ಮೇಲೆ ಫೋನು ಮಾಡುತ್ತಾರೆ. ಕೆಲವರು ಉಸಿರು ನಿಂತ ಮೇಲೆ ಮಾಡುತ್ತಾರೆ. ಕಾಯಿಲೆ ಬಿದ್ದವನು ಸಭೆಯ ಹಿರಿಯರನ್ನು ಕರೆಸಲಿ, ಅವರು ಎಣ್ಣೆ ಹಚ್ಚಿ ಪ್ರಾರ್ಥಿಸಲಿ ಅಂತ ಯಕೋಬನ ಪತ್ರದಲ್ಲಿ ಇದೆ. ಸತ್ತವನನ್ನು ಕುರಿತ ಮಾತಲ್ಲ ಅದು. 1972ರಲ್ಲಿ 6ನೇ ಪೌಲ್ ಪೋಪರು ವಿಧಿಯನ್ನು ಸರಳ ಮಾಡಿದ ಮೇಲೆ ಹಣೆಗೆ ಮತ್ತು ಕೈಗಳಿಗೆ ಹಚ್ಚಿದರೆ ಸಾಕು. ಸಾಯುವ ಗಳಿಗೆವರೆಗೂ ಕಾಯಬೇಕಾಗಿಲ್ಲ.

ದೊಡ್ಡಮ್ಮ ತಾನೇ ಹೇಳಿ ಕರೆಸಿದಳು. ಪಾಪನಿವೇದನೆ ಮಾಡಿದಳು, ಪರಮಪ್ರಸಾದ ತಗೊಂಡಳು, ಎರಡೂ ಅಂಗೈ ಚಾಚಿದಳು. ಒಂದೊಂದು ಪ್ರಾರ್ಥನೆಗೂ ಬೀದಿಗೆ ಕೇಳುವಷ್ಟು ಜೋರಾಗಿ ಆಮೆನ್ ಅಂದಳು. ಎಣ್ಣೆ ಅಂಗೈಯ ಗೆರೆಗಳಲ್ಲಿ ಇಳಿದು ಹೊಳೆಯುತ್ತಿತ್ತು. ಕೈ ತೊಳೆಯಲು ಬಿಡಲಿಲ್ಲ. ಮರುದಿನ ಎದ್ದು ಕೂತು ಮಂಡಕ್ಕಿ ಕೇಳಿ ತಿಂದಳು. ಅದಾದ ಮೇಲೂ ಕೆಲವು ವಾರ ಇದ್ದಳು. ಹೋಗುವಾಗ ಅವಳ ಮುಖದಲ್ಲಿ ಗಾಬರಿ ಇರಲಿಲ್ಲ. ನಾನೇ ಪಕ್ಕದಲ್ಲಿದ್ದೆ, ನೋಡಿದ್ದೇನೆ.

ಅದಕ್ಕೇ ಈ ನವೆಂಬರಿನಲ್ಲಿ ಮಗನನ್ನು ಕೂರಿಸಿಕೊಂಡು ಎಲ್ಲ ಹೇಳಿದೆ. ಸೊಸೆಗೆ ಮೊದಲು ಕಸಿವಿಸಿಯಾಯಿತು, ಆಮೇಲೆ ಅವಳೇ ಪೆನ್ನು ತಂದಳು. ಫಾದರ್ ಅವರ ನಂಬರನ್ನು ಇಬ್ಬರ ಫೋನಿನಲ್ಲೂ ಹಾಕಿಸಿದ್ದೇನೆ. ಡಾಕ್ಟರು ಏನಾದರೂ ಹೇಳಲಿ, ಆಮೆನ್ ಅನ್ನಲು ನನಗೆ ಬಾಯಿ ಇರುವಾಗಲೇ ಕರೆಸಿ ಅಂದಿದ್ದೇನೆ.