ಮಟ್ಟನ್ನೂರಿನಿಂದ ಮಾಕುಟ್ಟ ಘಾಟಿ ಹತ್ತುವಾಗ ಸೀಟ್ ಬೆಲ್ಟಿನ ಮಾತು

ವಿರಾಜಪೇಟೆ, ಗೋಣಿಕೊಪ್ಪ ಕಡೆಗೆ ವಿಮಾನದಲ್ಲಿ ಬರುವವರಿಗೆ ಕಣ್ಣೂರು ನಿಲ್ದಾಣವೇ ಅನುಕೂಲ. 2018ರ ಡಿಸೆಂಬರಿನಲ್ಲಿ ಶುರುವಾದ ಈ ನಿಲ್ದಾಣ ಇರುವುದು ಮಟ್ಟನ್ನೂರಿನಲ್ಲಿ. ಇರಿಟ್ಟಿ, ಮಾಕುಟ್ಟ, ಪೆರುಂಬಾಡಿ ದಾಟಿದರೆ ವಿರಾಜಪೇಟೆ.

ಮಳೆಗಾಲದಲ್ಲಿ ಕಣ್ಣೂರಿನ ವಿಮಾನದ ಕುಲುಕಾಟ ಹೊಸದೇನಲ್ಲ. ಅರಬ್ಬೀ ಸಮುದ್ರದ ತೇವದ ಗಾಳಿ ಘಟ್ಟಕ್ಕೆ ಬಡಿದು ಮೇಲೇರುತ್ತದೆ, ಮೋಡ ಕಟ್ಟುತ್ತದೆ, ಅದರೊಳಗೆ ಗಾಳಿ ಏರಿಳಿಯುತ್ತಲೇ ಇರುತ್ತದೆ. ಪ್ರೊಪೆಲ್ಲರ್ ವಿಮಾನಗಳು ದೊಡ್ಡ ಜೆಟ್‌ಗಳಷ್ಟು ಎತ್ತರ ಹಾರುವುದಿಲ್ಲ, ಆ ಮೋಡಗಳ ನಡುವೆಯೇ ಸಾಗಬೇಕು. ಬೆಂಗಳೂರಿನಿಂದ ಹೊರಟ ನಮ್ಮ ವಿಮಾನ ಘಟ್ಟದ ಮೇಲೆ ಒಮ್ಮೆಲೇ ಕುಸಿದಾಗ, ಬೆಲ್ಟ್ ಬಿಚ್ಚಿ ಕೂತಿದ್ದ ಹುಡುಗನ ತಲೆ ಮೇಲಿನ ಲಗೇಜ್ ಖಾನೆಗೆ ಬಡಿಯಿತು. ಬೆಲ್ಟ್ ಹಾಕಿ ಅನ್ನುವ ದೀಪವೇನೋ ಹತ್ತಿತ್ತು. ಆದರೆ ಎಚ್ಚರಿಕೆ ಕೊಟ್ಟದ್ದು ಇಂಗ್ಲಿಷ್, ಹಿಂದಿಯಲ್ಲಿ ಮಾತ್ರ. ಬೆಂಗಳೂರಿನಿಂದ ಕಣ್ಣೂರಿಗೆ ಹೋಗುವ ವಿಮಾನದಲ್ಲಿ ಕನ್ನಡವೂ ಇಲ್ಲ, ಮಲಯಾಳವೂ ಇಲ್ಲ ಅಂದರೆ ಸಿಟ್ಟು ಬರದೆ ಇರುತ್ತದೆಯೇ? ಊಟದ ಪಟ್ಟಿ ಯಾವ ಭಾಷೆಯಲ್ಲಾದರೂ ಇರಲಿ, ಜೀವ ಉಳಿಸುವ ಮಾತು ಕೂತವರಿಗೆ ಅರ್ಥವಾಗಲೇಬೇಕು.

ಹಂಚಿಕೊಂಡ ಟ್ಯಾಕ್ಸಿಯಲ್ಲಿ ಪೊನ್ನಂಪೇಟೆ ಕಡೆಯ ಹೆಂಗಸೊಬ್ಬರಿದ್ದರು. ವಿಮಾನದ ಸಿಬ್ಬಂದಿಯಾಗಿ ದುಡಿದು ನಿವೃತ್ತರಾದವರು. ಮಾಕುಟ್ಟದ ಕಾಡು ಶುರುವಾಗುವ ಹೊತ್ತಿಗೆ ಡ್ರೈವರ್ ಕೇಳಿದ: "ಅಕ್ಕಾ, ಕಾರಲ್ಲಿ ಎದೆ ಮೇಲೂ ಬೆಲ್ಟ್ ಬರ್ತದೆ. ವಿಮಾನದಲ್ಲಿ ಸೊಂಟಕ್ಕೆ ಮಾತ್ರ ಯಾಕೆ?"

"ಕಾರು ಗುದ್ದಿದ್ರೆ ನೀನು ಮುಂದಕ್ಕೆ ಹೋಗ್ತೀಯ. ಕುಲುಕಾಟದಲ್ಲಿ ವಿಮಾನ ಕೆಳಗೆ ಹೋಗ್ತದೆ, ನೀನು ಮೇಲೇ ಉಳೀತೀಯ. ಅದನ್ನ ತಡೆಯೋಕೆ ಸೊಂಟದ ಬೆಲ್ಟ್ ಸಾಕು. ಸರಿಯಾಗಿ ಕಟ್ಟಬೇಕು ಅಷ್ಟೆ."

ಅವರು ತಮ್ಮ ಸೊಂಟದ ಎರಡೂ ಬದಿಯ ಎಲುಬಿನ ಮೇಲೆ ಕೈಯಿಟ್ಟು ತೋರಿಸಿದರು. ಪಟ್ಟಿ ಕೂರಬೇಕಾದದ್ದು ಅಲ್ಲಿ, ಹೊಟ್ಟೆಯ ಮೇಲಲ್ಲ. ಹೊಟ್ಟೆಗೆ ಎಲುಬಿನ ಕಾವಲಿಲ್ಲ, ಪಟ್ಟಿ ಒತ್ತಿದರೆ ಕರುಳಿಗೆ ಪೆಟ್ಟು. ಬಸುರಿಯರಿಗೂ ಹೊಟ್ಟೆಯ ಕೆಳಗೇ ಬರಬೇಕು. ಬಕಲ್ ಹಾಕಿದ ಮೇಲೆ ಪಟ್ಟಿಯ ತುದಿ ಹಿಡಿದು ಬಿಗಿಯಾಗುವವರೆಗೆ ಎಳೆಯಬೇಕು. ಸಡಿಲ ಬಿಟ್ಟರೆ ಮೈ ಮೊದಲು ಮೇಲಕ್ಕೆ ಹಾರಿ, ಆಮೇಲೆ ಪಟ್ಟಿಗೆ ಬಡಿಯುತ್ತದೆ.

"ದೀಪ ಹತ್ತಿದ ಮೇಲೆ ಹಾಕ್ಕೊಂಡ್ರೆ ಆಗಲ್ವಾ?"

ಈ ಪ್ರಶ್ನೆಗೆ ಅವರು ಸಿಂಗಪುರ ಏರ್‌ಲೈನ್ಸಿನ ಪ್ರಸಂಗ ಹೇಳಿದರು. ಲಂಡನ್‌ನಿಂದ ಹೊರಟಿದ್ದ ಬೋಯಿಂಗ್ 777, 2024ರ ಮೇ 21ರಂದು ಮ್ಯಾನ್ಮಾರ್ ಮೇಲೆ ಹಾರುತ್ತಿತ್ತು. ಬೆಲ್ಟ್ ದೀಪ ಹಾಕಿದ್ದೇವೆಂದು ಪೈಲಟ್ ಹೇಳಿ ಎಂಟು ಸೆಕೆಂಡಿಗೆಲ್ಲ, 1.35 ಜಿ ಇದ್ದ ಬಲ (ನೆಲದ ಮೇಲಿನ ನಮ್ಮ ತೂಕ 1 ಜಿ) ಅರೆ ಸೆಕೆಂಡು ಚಿಲ್ಲರೆಯಲ್ಲಿ ಮೈನಸ್ 1.5 ಜಿಗೆ, ಅಂದರೆ ತೂಕದ ಒಂದೂವರೆ ಪಟ್ಟು ಮೇಲ್ಮುಖವಾಗಿ, ತಿರುಗಿತು. ಬೆಲ್ಟ್ ಇಲ್ಲದವರು ಮೇಲಕ್ಕೆ ಹಾರಿ, ಮತ್ತೆ ಕೆಳಗೆ ಬಿದ್ದರು. ಒಬ್ಬ ಪ್ರಯಾಣಿಕರು ತೀರಿಕೊಂಡರು, ಹತ್ತಾರು ಮಂದಿಗೆ ಗಾಯ. ವಿಮಾನ ಬ್ಯಾಂಕಾಕಿನಲ್ಲಿ ಇಳಿಯಬೇಕಾಯಿತು. ರೇಡಾರಿಗೆ ಕಾಣುವುದು ಮಳೆಹನಿ, ಆಲಿಕಲ್ಲು. ಮೋಡವೇ ಇಲ್ಲದ ಗಾಳಿಯ ಸುಳಿ ಅದಕ್ಕೆ ಕಾಣದು. ಕೂತಿರುವಷ್ಟು ಹೊತ್ತೂ ಬೆಲ್ಟ್ ಇರಲಿ ಅನ್ನುವುದು ಇದಕ್ಕೇ.

"ಮಡಿಲಲ್ಲಿ ಮಗು ಇದ್ರೆ ಗಟ್ಟಿ ಹಿಡ್ಕೊಂಡ್ರೆ ಸಾಲದಾ?"

"ಹತ್ತು ಕಿಲೋ ಮಗು ಆ ಹೊತ್ತಲ್ಲಿ ಹದಿನೈದು ಕಿಲೋ ಬಲದಲ್ಲಿ ಮೇಲಕ್ಕೆ ಎಳೀತದೆ ಮಾರಾಯ. ಯಾರ ಕೈಲೂ ಆಗಲ್ಲ." ಮಗುವಿಗೆ ಬೇರೆ ಸೀಟು ಕೊಂಡು, ವಿಮಾನಕ್ಕೆ ಒಪ್ಪಿಗೆಯಿರುವ ಮಕ್ಕಳ ಕುರ್ಚಿಯಲ್ಲಿ ಕಟ್ಟಿ ಕೂರಿಸುವುದೇ ಒಳ್ಳೆಯದು ಎಂದರು. ನಡೆಯುವಾಗ ಕುಲುಕಾಟ ಬಂದರೆ ನಮ್ಮ ಸೀಟಿನವರೆಗೆ ಓಡಬಾರದು. ಪಕ್ಕದಲ್ಲಿ ಖಾಲಿ ಸೀಟಿದ್ದರೆ ಕೂತು ಬೆಲ್ಟ್ ಹಾಕಬೇಕು, ಇಲ್ಲದಿದ್ದರೆ ನೆಲಕ್ಕೇ ಕೂತು ಸೀಟಿನ ಕಾಲು ಹಿಡಿಯಬೇಕು.

ಘಾಟಿ ಹತ್ತುವವರಿಗೆ ಒಂದು ಮಾತು ಮುಖ್ಯ. ವಿಮಾನದಲ್ಲಿ ತಲೆಗೆ ಪೆಟ್ಟಾಗಿದ್ದರೆ ಇಳಿಯುವ ಮೊದಲೇ ಸಿಬ್ಬಂದಿಗೆ ಹೇಳಿ ಬರೆಸಿ, ಕೆಳಗೇ ವೈದ್ಯರಿಗೆ ತೋರಿಸಿ. ಮಾಕುಟ್ಟದ ತಿರುವುಗಳಲ್ಲಿ ವಾಂತಿ, ತಲೆಸುತ್ತು ಎಲ್ಲರಿಗೂ ಬರುತ್ತದೆ. ಒಳಪೆಟ್ಟಿನ ಲಕ್ಷಣವೂ ಅದೇ. ಘಾಟಿಯ ತಲೆಸುತ್ತೆಂದು ಲಿಂಬೆಹಣ್ಣು ಮೂಸಿಸುತ್ತ ಕೂತರೆ ಆಸ್ಪತ್ರೆ ದೂರವಾಗುತ್ತದೆ. ಬೋರ್ಡಿಂಗ್ ಪಾಸ್, ವೈದ್ಯರ ಚೀಟಿ ಎರಡನ್ನೂ ಜೋಪಾನವಾಗಿಡಿ, ಪರಿಹಾರ ಕೇಳಲು ಬೇಕಾಗುತ್ತದೆ.

ಪೆರುಂಬಾಡಿಯಲ್ಲಿ ಡ್ರೈವರ್ ಅವನಮ್ಮ ದುಬೈಗೆ ಹೊರಟಿರುವ ವಿಷಯ ತೆಗೆದ. ಮೊದಲ ಸಲದ ವಿಮಾನ, ರಾತ್ರಿ ಪ್ರಯಾಣ.

"ಬಕಲ್ ತೆಗೆಯೋಕೆ ಕಾರಿನ ಹಾಗೆ ಒತ್ತೋದಲ್ಲ, ಮೇಲಿನ ತಗಡು ಎತ್ತಬೇಕು ಅಂತ ಹೇಳು. ಮತ್ತೆ ಹೊದಿಕೆ ಮೇಲೆ ಬೆಲ್ಟ್ ಹಾಕ್ಕೊಳ್ಲಿ. ಒಳಗೆ ಮುಚ್ಚಿಹೋದ್ರೆ ಹಾಕಿದ್ದಾರೋ ಇಲ್ವೋ ಅಂತ ನೋಡೋಕೆ ಹುಡುಗೀರು ನಿದ್ದೆಯಿಂದ ಎಬ್ಬಿಸ್ತಾರೆ."